ಹಳೇ ಹೊಲಿಗೆ ಪ್ಯಾಟರ್ನ್‌ಗೆ ಕನ್ನಡದಲ್ಲಿ ಏನನ್ನೋದು? ನಾಳೆ ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ, ಒಂದು ಪದ ಬೇಕಿತ್ತು, ಸ್ವಲ್ಪ ಅರ್ಜೆಂಟು. ನಾನಿರೋದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಇಲ್ಲಿನ ಲೈಬ್ರರಿಲಿ ಹಳೇ ಡ್ರೆಸ್ ಪ್ಯಾಟರ್ನ್‌ಗಳ ಸಣ್ಣ ಪ್ರದರ್ಶನ ಇಡ್ತಿದಾರೆ, ಅದರಲ್ಲಿ ಸುಮಾರು ನಾನು ಕೂಡಿಟ್ಟಿದ್ದು, ಕೆಲವನ್ನ ಹೊಲಿದು ಪಕ್ಕದಲ್ಲೇ ತೂಗುಹಾಕ್ತಿದೀನಿ. ಊರಲ್ಲಿ ಯಾವ್ಯಾವ ಭಾಷೆಯೋರಿದಾರೋ ಅಷ್ಟೂ ಭಾಷೆಲಿ ಚೀಟಿ ಅಂಟಿಸ್ತಾರಂತೆ, ಕನ್ನಡದ್ದು ನನ್ನ ಪಾಲಿಗೆ ಬಂದಿದೆ, ನಾಳೆ ಸಂಜೆ ಪ್ರಿಂಟಿಗೆ ಹೋಗತ್ತೆ.

ಮೊದಲ ವಾಕ್ಯದಲ್ಲೇ ನಿಂತುಬಿಟ್ಟಿದೀನಿ. "1863ರಲ್ಲಿ ಇದೇ ರಾಜ್ಯದ ಸ್ಟರ್ಲಿಂಗ್ ಊರಿನ ದರ್ಜಿ ಎಬೆನೀಜರ್ ಬಟರಿಕ್ ಬೇರೆ ಬೇರೆ ಅಳತೆಗಳಲ್ಲಿ ಕಾಗದದ ——ಗಳನ್ನು ಮಾರಲು ಶುರುಮಾಡಿದರು." ಆ ಗೆರೆ ಮೇಲೆ ಏನು ಬರೀಲಿ? ಡಿಕ್ಷನರಿ ಮಾದರಿ, ನಮೂನೆ, ವಿನ್ಯಾಸ ಅಂತ ಕೊಡತ್ತೆ. ವಿನ್ಯಾಸ ಅಂದ್ರೆ ಬಟ್ಟೆ ಮೇಲಿನ ಹೂವು ಬಳ್ಳಿ ಅನ್ಕೋತಾರೆ, ನಮೂನೆ ಅಂದ್ರೆ ಆಫೀಸಲ್ಲಿ ತುಂಬಿಕೊಡೋ ಫಾರಂ, ಮಾದರಿ ಅಂದ್ರೆ ಹೊಲಿದಿಟ್ಟ ಸ್ಯಾಂಪಲ್. ನಾನು ಹೇಳ್ತಿರೋದು ಲಕೋಟೆಯೊಳಗೆ ಮಡಚಿಟ್ಟಿರೋ ಗಾಳಿಪಟದ ಹಾಳೆಗಿಂತ ತೆಳು ಕಾಗದ, ತೋಳಿಗೊಂದು ಬೆನ್ನಿಗೊಂದು ಕಾಲರಿಗೊಂದು ಅಂತ ತುಂಡುತುಂಡಾಗಿ ಇರತ್ತೆ, ಬಟ್ಟೆ ಮೇಲೆ ಹರವಿ ಗುಂಡುಪಿನ್ನು ಚುಚ್ಚಿ ಸುತ್ತ ಕತ್ತರಿಸೋದು. ಇದರ ಜೊತೆಗೆ ನಾಚ್ (ತುಂಡುಗಳನ್ನ ಜೋಡಿಸಕ್ಕೆ ಅಂಚಲ್ಲಿರೋ ಗುರುತು), ಗ್ರೇನ್‌ಲೈನ್ (ಬಟ್ಟೆ ನೂಲಿನ ದಿಕ್ಕು ತೋರಿಸೋ ಗೆರೆ), ಸೀಮ್ ಅಲೊಯೆನ್ಸ್ (ಹೊಲಿಗೆಯಿಂದಾಚೆ ಬಿಡೋ ಬಟ್ಟೆ), ಆಮೇಲೆ ಸಂಗ್ರಹ ಮಾಡೋರು ಬಾಯ್ತುಂಬ ಹೇಳೋ ಫ್ಯಾಕ್ಟರಿ ಫೋಲ್ಡೆಡ್, ಇವಕ್ಕೂ ಪದ ಬೇಕು. ದಯವಿಟ್ಟು.

— ಮ್ಯಾಸಚೂಸೆಟ್ಸ್‌ನಿಂದ

* * *

ಹೊಲಿಪಡಿ. ಇದರಲ್ಲಿ ಯೋಚನೆ ಮಾಡೋದೇನೂ ಇಲ್ಲ.

ಅಮ್ಮಾ, ಒಂದು ವಿಷ್ಯ ತಿಳ್ಕೊಳ್ಳಿ, ಪ್ಯಾಟರ್ನ್ ಅನ್ನೋದು ಇಂಗ್ಲಿಷಿನೋರ ಸ್ವಂತದ್ದೂ ಅಲ್ಲ. ಫ್ರೆಂಚಿನ ಪತ್ರೋನ್ ಅದು. ಪೋಷಕರಿಗೆ ಪೇಟ್ರನ್ ಅಂತೀವಲ್ಲ, ಎರಡೂ ಒಂದೇ ಬೇರಿನವು, ಇಂಗ್ಲಿಷಲ್ಲಿ ಆಮೇಲೆ ಕವಲೊಡೆದು ಎರಡಾದವು. ಫ್ರೆಂಚರು ಇವತ್ತಿಗೂ ಹೊಲಿಗೆ ಕಾಗದಕ್ಕೆ ಪತ್ರೋನ್ ಅಂತಾರೆ, ಡಚ್ಚರು ಪತ್ರೋನನ್ನೇ ಸ್ವಲ್ಪ ತಿರುಚಿ ಹೇಳ್ತಾರೆ. ಜರ್ಮನ್ನರು ಮಾತ್ರ ತಮ್ಮ ನುಡೀಲಿ ಕಟ್ಟಿಕೊಂಡ್ರು, ಶ್ನಿಟ್‌ಮುಸ್ಟರ್, ಕತ್ತರಿಸಕ್ಕೆ ಇರೋ ಮಾದರಿ. ಅವರಿಗಾದದ್ದು ನಮಗೆ ಯಾಕಾಗಬಾರದು? ಹೊಲಿ ನಮ್ಮದು, ಪಡಿ ನಮ್ಮದು. ಪಡಿಯಚ್ಚು, ಪಡಿನೆಳಲು ಅಂತ ಹೇಳೋದು ಕೇಳಿಲ್ವಾ. ಹೊಲಿಪಡಿ ಅಂತ ಬರೆದು ಕಳಿಸಿ.

— ಮೈಸೂರಿನಿಂದ

* * *

ಮೇಷ್ಟ್ರೇ, ಪಡಿ ನಿಮ್ಮದಲ್ಲ. ಸಂಸ್ಕೃತದ ಪ್ರತಿ ತದ್ಭವ ಆಗಿ ಪಡಿ ಆಗಿದ್ದು. ನೀವು ಹೇಳಿದ ಪಡಿಯಚ್ಚಲ್ಲೂ ಅದೇ ಪಡಿ. ಅಕ್ಕಿ ಅಳೆಯೋ ಪಡಿ ಬೇರೆ, ಅದನ್ನ ಇಲ್ಲಿಗೆ ಎಳೀಬೇಡಿ. ಜರ್ಮನ್ನರ ಮುಸ್ಟರ್ ಕೂಡ ಇಟಾಲಿಯನ್ನಿನ ಮೋಸ್ತ್ರಾದಿಂದ ಬಂದದ್ದು, ಅವರೇನೂ ಮನೇಲಿ ಮಾಡ್ಕೊಂಡಿದ್ದಲ್ಲ.

ಹಳೇದೇ ಬೇಕು ಅಂದ್ರೆ ಹಳಗನ್ನಡದಲ್ಲಿ ಪಡಿಚಂದ ಅಂತ ಪದ ಇದೆ, ಮಾದರಿ, ಪ್ರತಿರೂಪ ಅನ್ನೋ ಅರ್ಥದಲ್ಲಿ, ಅದೂ ಪ್ರತಿಚ್ಛಂದದಿಂದ. ಪದ ಚೆನ್ನಾಗಿದೆ, ಆದ್ರೆ ಲೈಬ್ರರಿಗೆ ಬರೋ ಸಾಫ್ಟ್‌ವೇರ್ ಇಂಜಿನಿಯರ್‌ಗೆ ಅವರ ಮಗಳಿಗೆ ಅರ್ಥ ಆಗಲ್ಲ. ಪ್ಯಾಟರ್ನ್ ಅಂತಲೇ ಬರೀರಿ.

— ಬೆಂಗಳೂರಿನಿಂದ

* * *

ನಾ ಹುಬ್ಬಳ್ಳ್ಯಾಗ ಹೊಲಿಗಿ ಅಂಗಡಿ ನಡಸ್ತೀನ್ರಿ, ಹುಡುಗ್ಯಾರಿಗೆ ಕಲಸ್ತೀನಿ ಸೈತ. ಇಷ್ಟು ಮಂದಿ ಬರದೀರಿ, ಹೊಲಿಯವ್ರನ್ನ ಒಬ್ಬರೂ ಕೇಳಲಿಲ್ಲ.

ನಾವು ಇದಕ್ಕ ಪೇಪರ್ ಕಟಿಂಗ್ ಅಂತೀವ್ರಿ. ಖಾಕಿ ಹಾಳಿ ಮ್ಯಾಲೆ ಡ್ರಾಫ್ಟ್ ತಗದು, ಕತ್ತರಿಸಿ, ಮೊಳಿಗೆ ತೂಗುಹಾಕಿರ್ತೀವಿ, 32ರದ್ದು 34ರದ್ದು 36ರದ್ದು ಅಂತ. ಆದ್ರ ಅಕ್ಕಾರ ಹೇಳೋದು ಇದರ ಹಂಗ ಇದ್ರೂ ಪೂರಾ ಇದಲ್ಲ ಅನಸ್ತತಿ. ನಮ್ಮ ಕಡೆ ಗಿರಾಕಿ ಅಳತಿ ಬ್ಲೌಸ್ ತಂದು ಕೊಡ್ತಾರ, ಅದನ್ನ ಇಟಗೊಂಡು ಪೇಪರ್ ಕಟಿಂಗ್‌ನ ಅಲ್ಲಿಷ್ಟು ಇಲ್ಲಿಷ್ಟು ಹೆಚ್ಚುಕಮ್ಮಿ ಮಾಡ್ತೀವಿ, ಮೈ ಕಣ್ಣ ಮುಂದ ಇರ್ತತಿ. ಅಲ್ಲಿ ಯಾರ ಮೈ ಅಂತ ಗೊತ್ತ ಇಲ್ಲದ ಮಾಡಿ, ಲಕೋಟ್ಯಾಗ ಹಾಕಿ ಮಾರಿದ್ದು. ಹಂಗಾಗಿ ಅಳತಿ ಅನ್ನೋ ಶಬ್ದ ಸೇರಿಸಿ ಏನರ ಕಟ್ಟಬ್ಯಾಡ್ರಿ, ಓದಿದವ್ರು ಅಳತಿ ಬ್ಲೌಸ್ ಅಂತ ತಿಳಕೋತಾರ.

ನಾಚ್‌ಗೆ ಕಚ್ಚು ಅನ್ರಿ, ಕತ್ತರಿ ತುದೀಲೆ ಸಣ್ಣದೊಂದು ಕಚ್ಚು ಹಾಕೋದು. ಸೀಮ್ ಅಲೊಯೆನ್ಸ್ ಅಂದ್ರ ಮಾರ್ಜಿನ್, ಅದರಾಗ ಚರ್ಚಾ ಏನಿಲ್ಲ. ಫ್ಯಾಕ್ಟರಿ ಫೋಲ್ಡೆಡ್ ಅಂದ್ರ ಇನ್ನೂ ಮಡಚಿದ್ದು ಬಿಚ್ಚೇ ಇಲ್ಲ ಅಂತನ ಹೌದಲ್ರಿ? ಹೊಸಾ ಸೀರಿಗೆ ನಾವು ಗಳಿಗಿ ಮುರೀದ ಸೀರಿ ಅಂತೀವಿ. ಗಳಿಗಿ ಮುರೀದ್ದು ಅಂತ ಬರೀರಿ.

— ಹುಬ್ಬಳ್ಳಿ

* * *

ಪೇಪರ್ ಕಟಿಂಗ್ ಅಂದ್ರೆ ಪತ್ರಿಕೆಯಿಂದ ಕತ್ತರಿಸಿಟ್ಟ ಸುದ್ದಿ. ಆಗಲ್ಲ. ಗಳಿಗೆ ಮರಾಠಿಯ ಘಡಿ, ಅಂದ್ರೆ ಮಡಿಕೆ. ಮೈಸೂರು ಕಡೆಯೋರು ಗಳಿಗೆ ಅಂದ್ರೆ ಹೊತ್ತು ಅಂತ ಓದ್ತಾರೆ.

ಪಡಿ ಬೇಡ ಅಂತ ಹಟ ಇದ್ರೆ ಕತ್ತರಿಯಚ್ಚು ಅನ್ನಿ. ಅಚ್ಚು ನಮ್ಮದೇ, ಬೆಲ್ಲದಚ್ಚು ಇಲ್ವಾ. ಒಂದು ಸಿದ್ಧಾಂತ ಅಂತ ಇರ್ಬೇಕು, ವಸ್ತು ಹೊಸದಾಗಿ ಬಂದಾಗ ಅವತ್ತೇ ಹೆಸರಿಡಬೇಕು, ತಡ ಮಾಡಿದಷ್ಟೂ ಪರಭಾಷೆ ಪದ ಊರಿಕೊಳ್ಳತ್ತೆ, ಆಮೇಲೆ ಕೀಳಕ್ಕಾಗಲ್ಲ, ನೀವೆಲ್ಲ ಅರ್ಥ ಆಗಲ್ಲ ಅರ್ಥ ಆಗಲ್ಲ ಅಂತ ಹೇಳ್ತಾ ಕೂತೇ ಕನ್ನಡದಲ್ಲಿ ಅಡುಗೆಮನೆ ಪದಗಳೂ ಹೋದ್ವು.

— ಮೈಸೂರಿನಿಂದ

* * *

ಹೊಲಿಗೆ ಪದಗಳ ಬಗ್ಗೆ ಈ ವಾದ ನಿಲ್ಲಲ್ಲ ಮೇಷ್ಟ್ರೇ. ದರ್ಜಿ ಪಾರ್ಸಿ. ಜೇಬು ಅರಬ್ಬಿ. ಗುಂಡಿ ಹಾಕಕ್ಕೆ ಮಾಡೋ ಕಾಜಾ ಪೋರ್ಚುಗೀಸರ ಕಾಸಾ. ಕುಪ್ಪಸ ಸಂಸ್ಕೃತದ ಕೂರ್ಪಾಸ. ಸೂಜಿ ಸಂಸ್ಕೃತದ ಸೂಚಿ. ಇವನ್ನೆಲ್ಲ ಕಿತ್ತು ಹಾಕಿದ್ರೆ ನಿಮ್ಮ ಅಂಗಿಗೆ ಜೇಬೂ ಇರಲ್ಲ ಕಾಜಾನೂ ಇರಲ್ಲ. ದರ್ಜಿಗೆ ಸಿಂಪಿಗ ಅಂತ ಒಳ್ಳೇ ಪದ ಇತ್ತು, ಚಿಪ್ಪಿಗ ಅಂತಲೂ ಇತ್ತು, ಜನ ಬಿಟ್ರು. ಯಾರೂ ಕೂತು ಸಿದ್ಧಾಂತ ಮಾಡಿ ಬಿಟ್ಟಿದ್ದಲ್ಲ.

— ಬೆಂಗಳೂರಿನಿಂದ

* * *

ಪಾರ್ಸಿಯೋರು ಬಂದಾಗ ಬಾಗಿಲು ತೆಗೆದಿತ್ತು ಅಂತ ಇವತ್ತೂ ತೆಗೆದೇ ಇಡಬೇಕಾ? ಸಿಂಪಿಗ ಹೋಯ್ತು ಅಂತ ಹೇಳ್ತಿರೋರು ಅದನ್ನ ಒಂದು ಸಲ ಆದ್ರೂ ಬಳಸಿದೀರಾ? ಉತ್ತರ ಬೇಡ.

— ಮೈಸೂರಿನಿಂದ

* * *

ಹಿರಿಯರೇ, ಕೋಪ ಬೇಡಿ, ಕತ್ತರಿಯಚ್ಚು ನಂಗೂ ಮೊದಲು ಹಿಡಿಸ್ತು, ಆದ್ರೆ ಈ ಪ್ರದರ್ಶನಕ್ಕೆ ಅದೇ ತೊಡಕು. ತುಂಬ ಹಳೇ ಪ್ಯಾಟರ್ನ್‌ಗಳಲ್ಲಿ ಅಚ್ಚಾಗಿರೋದು ಏನೂ ಇರಲ್ಲ. ಕಾಗದದ ಮೇಲೆ ಒಂದಕ್ಷರ ಇಲ್ಲ, ಗೆರೆ ಇಲ್ಲ, ಬರೀ ತೂತುಗಳು. ದೊಡ್ಡ ತೂತುಗಳ ಸಾಲು ಬಟ್ಟೆ ಯಾವ ದಿಕ್ಕಿಗೆ ಇಡಬೇಕು ಅಂತ ಹೇಳತ್ತೆ, ಸಣ್ಣ ತೂತುಗಳು ಡಾಟ್ (ಮೈಗೆ ಕೂರಲಿ ಅಂತ ಹಿಡಿದು ಹೊಲಿಯೋ ಮಡಿಕೆ) ಎಲ್ಲಿ ಹಿಡೀಬೇಕು ಅಂತ, ಕಚ್ಚಿಗೆ ಕಚ್ಚು ಸೇರಿಸಿದ್ರೆ ತೋಳು ಹೆಗಲಿಗೆ ಕೂರತ್ತೆ. 1920ರ ದಶಕದಲ್ಲಿ ಮೆಕಾಲ್ ಕಂಪನಿಯೋರು ತುಂಡುಗಳ ಮೇಲೇ ಅಚ್ಚು ಹಾಕಕ್ಕೆ ಶುರುಮಾಡಿದ್ರು, ಮಿಕ್ಕವರು ಎಷ್ಟೋ ವರ್ಷ ತೂತಿನಲ್ಲೇ ಇದ್ರು. ಚೀಟಿಲಿ "ಅಚ್ಚಾಗದ ಕತ್ತರಿಯಚ್ಚು" ಅಂತ ಬರೆದ್ರೆ ಓದೋರು ಗಲಿಬಿಲಿ ಆಗ್ತಾರೆ.

ಹುಬ್ಬಳ್ಳಿ ಅಕ್ಕ ಹೇಳಿದ್ದು ನಂಗೆ ತುಂಬ ಮುಖ್ಯ ಅನ್ನಿಸ್ತು, ಯಾರ ಮೈ ಅಂತ ಗೊತ್ತಿಲ್ಲದೆ ಮಾಡಿದ್ದು ಅಂತ. ಬಟರಿಕ್ ಮಾಡಿದ ಕೆಲಸ ಸರಿಯಾಗಿ ಅದೇ. ಕಾಗದದ ಪ್ಯಾಟರ್ನ್ ಅವರಿಗಿಂತ ಮುಂಚೇನೂ ಇತ್ತು, ನ್ಯೂಯಾರ್ಕಲ್ಲಿ ಮೇಡಂ ಡೆಮರೆಸ್ಟ್ ಮಾರ್ತಿದ್ರು, ಆದ್ರೆ ಹೆಚ್ಚಾಗಿ ಒಂದೇ ಅಳತೆ, ಮನೆಗೆ ತಂದು ನಾವೇ ಹಿಗ್ಗಿಸಬೇಕು ಕುಗ್ಗಿಸಬೇಕು. ಬಟರಿಕ್ ಅಳತೆವಾರು ಮಾಡಿ ಕೊಟ್ರು, ಮೊದಲು ಗಂಡಸರದ್ದು ಹುಡುಗರದ್ದು, 1866ರಿಂದ ಹೆಂಗಸರದ್ದು. ಆದ್ದರಿಂದ ನಂಗೆ ಬೇಕಾಗಿರೋ ಪದದಲ್ಲಿ ಕಾಗದ ಇರಬೇಕು, ಕತ್ತರಿಸೋದು ಇರಬೇಕು, ಒಬ್ಬರ ಅಳತೆ ಅನ್ನೋ ಅರ್ಥ ಬರಬಾರದು.

ಅಳತೆ ಬಗ್ಗೆ ಇನ್ನೊಂದು ಸಮಸ್ಯೆ. ಲಕೋಟೆ ಮೇಲೆ ಸೈಜ್ 14 ಅಂತ ಇರೋದು 1950ರ ದಶಕದ ಕೊನೆಯದಾದ್ರೆ ಎದೆ ಸುತ್ತಳತೆ 34 ಇಂಚು, 1968ರ ಹೊತ್ತಿಗೆ ನಂಬರುಗಳನ್ನೇ ಬದಲಾಯಿಸಿದ್ರು, ಆಮೇಲಿನ 14 ಅಂದ್ರೆ 36. ಹೊಸಬರು ನಂಬರ್ ನೋಡಿ ಕೊಂಡು ಬಟ್ಟೆ ಕತ್ತರಿಸಿ ಹಾಳುಮಾಡ್ಕೋತಾರೆ. ಅಂಗಡಿ ರೆಡಿಮೇಡಿನ ನಂಬರಿಗೂ ಇದಕ್ಕೂ ಸಂಬಂಧಾನೇ ಇಲ್ಲ. ಹಾಗಾಗಿ ಕನ್ನಡ ಚೀಟಿಲಿ ನಂಬರ್ ಬಿಟ್ಟು ಇಂಚು ಹಾಕ್ತೀನಿ.

ಗ್ರೇನ್‌ಲೈನ್‌ಗೆ ಇನ್ನೂ ಯಾರೂ ಏನೂ ಹೇಳಿಲ್ಲ. ಅದಿಲ್ಲದೆ ತೂತುಗಳ ಚೀಟಿ ಬರಿಯಕ್ಕಾಗಲ್ಲ.

— ಮ್ಯಾಸಚೂಸೆಟ್ಸ್‌ನಿಂದ

* * *

ಹಾಸು ಅನ್ರಿ. ಗ್ರೇನ್ ಅಂದ್ರ ಕಾಳು, ಬಟ್ಟಿಗೂ ಕಾಳಿಗೂ ಏನ ಸಂಬಂಧ.

ನಮ್ಮದು ಗುಳೇದಗುಡ್ಡ, ಖಣ, ಅಂದ್ರ ಕುಬಸದ ಬಟ್ಟಿ, ನೇಯುವ ಮನಿ. ಮಗ್ಗದ ಮ್ಯಾಲೆ ಉದ್ದಕ ಎಳದು ಕಟ್ಟಿದ್ದು ಹಾಸು, ಅಡ್ಡ ಲಾಳಿ ಹಾಯಿಸಿದ್ದು ಹೊಕ್ಕು. ಹಾಸಿನ ನೂಲು ಬಿಗಿ ಇರ್ತತಿ, ಜಗ್ಗಿದ್ರ ಬರೂದಿಲ್ಲ. ಉಡುಪು ಜೋತು ಬೀಳಬಾರದು ಅಂದ್ರ ಮೈ ಉದ್ದಕ ಹಾಸು ಬರಬೇಕು, ಅದಕ್ಕ ಆ ಗೆರಿ ಹಾಕಿರ್ತಾರ. ಹಾಸಿನ ಗೆರಿ, ಇಲ್ಲಾ ಹಾಸುಗೆರೆ. ಮೂಲಿಗೆ ಇಟ್ಟರ ಜಗ್ಗತತಿ, ಅದಕ್ಕ ದರ್ಜಿಗಳು ಕ್ರಾಸ್ ಅಂತಾರ, ಅದು ಇರ್ಲಿ.

— ಗುಳೇದಗುಡ್ಡ

* * *

ಹಾಸುಗೆರೆ ಸರಿ. ಇಂಗ್ಲಿಷಿಗಿಂತ ಚೆನ್ನಾಗಿದೆ. ನೋಡಿ, ನೇಯೋರ ಹತ್ರ ಕೇಳಿದ್ದಕ್ಕೆ ಸಿಕ್ತು, ಇಷ್ಟು ಹೊತ್ತು ಪೋರ್ಚುಗೀಸು ಪಾರ್ಸಿ ಅಂತ ಹೊತ್ತು ಕಳೆದ್ರಿ.

ಪ್ಯಾಟರ್ನ್ ಅಂತ ಹಾಕೋದಕ್ಕೆ ನನ್ನ ಒಪ್ಪಿಗೆ ಇಲ್ಲ.

— ಮೈಸೂರಿನಿಂದ

* * *

ಮೇಷ್ಟ್ರೇ, ನಿಮ್ಮ ಒಪ್ಪಿಗೆ ಯಾರೂ ಕೇಳಿಲ್ಲ. ಹಾಸು ಊರಲ್ಲಿ ಬಳಕೇಲಿದೆ, ಅದಕ್ಕೇ ಎಲ್ಲರೂ ಒಪ್ಪಿದ್ರು. ಹೊಲಿಪಡಿ ನಿಮ್ಮ ಇಮೇಲಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ವ್ಯತ್ಯಾಸ ಅಷ್ಟೇ.

— ಬೆಂಗಳೂರಿನಿಂದ

* * *

ಎಲ್ಲರಿಗೂ ತುಂಬ ಥ್ಯಾಂಕ್ಸ್. ಕಳಿಸ್ತಿರೋದು ಹೀಗೆ.

ಮೊದಲ ಸಲ ಬಂದಲ್ಲಿ "ಕತ್ತರಿಸುವ ಕಾಗದ, ಅಂದರೆ ಹೊಲಿಗೆ ಪ್ಯಾಟರ್ನ್", ಆಮೇಲೆಲ್ಲ ಪ್ಯಾಟರ್ನ್. ಹಿರಿಯರು ಬೇಜಾರು ಮಾಡ್ಕೋಬೇಡಿ, ಹೊಲಿಪಡಿ ಚಂದದ ಪದ, ಆದ್ರೆ ಗಾಜಿನ ಪೆಟ್ಟಿಗೆ ಮುಂದೆ ಒಂದು ನಿಮಿಷ ನಿಲ್ಲೋರಿಗೆ ಅದನ್ನ ಬಿಡಿಸಿ ಹೇಳಕ್ಕೆ ನಾನು ಪಕ್ಕದಲ್ಲಿರಲ್ಲ. ಕಚ್ಚು, ಮಾರ್ಜಿನ್, ಹಾಸುಗೆರೆ ಹಾಗೇ ಹಾಕಿದೀನಿ. ಫ್ಯಾಕ್ಟರಿ ಫೋಲ್ಡೆಡ್‌ಗೆ "ಗಳಿಗೆ ಮುರಿಯದ, ಮಡಿಕೆ ಬಿಚ್ಚದ" ಅಂತ ಎರಡೂ ಸೇರಿಸಿದೀನಿ, ಉತ್ತರದೋರಿಗೂ ದಕ್ಷಿಣದೋರಿಗೂ ತಿಳೀಲಿ ಅಂತ. ಈ ಪದಕ್ಕೆ ನಾನು ಇಷ್ಟು ಒದ್ದಾಡಿದ್ದು ಯಾಕಂದ್ರೆ ಫ್ಯಾಕ್ಟರಿಲಿ ಮಡಚಿದ ಮಡಿಕೆ ಹಾಗೇ ಇದ್ರೆ ಒಂದು ತುಂಡೂ ಕಳೆದಿಲ್ಲ ಅಂತ ನಂಬಬಹುದು, ಬಿಚ್ಚಿದ್ರಲ್ಲಿ ಎಷ್ಟೋ ಸಲ ಕಾಲರ್ ಇರಲ್ಲ, ಇಲ್ಲ ಹೊಲಿಯೋ ವಿಧಾನದ ಹಾಳೆ ಇರಲ್ಲ. ಹೊಲಿಯಕ್ಕೆ ಬೇಕಾದಾಗ ನಾನು ಮೂಲ ಕಾಗದಕ್ಕೆ ಕತ್ತರಿ ತಾಗಿಸಲ್ಲ, ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ನಕಲು ತಗೊಂಡು ಅದನ್ನ ಕತ್ತರಿಸೋದು. ಯಾರ ಮನೇಲಾದ್ರೂ ಇಂಥದ್ದಿದ್ರೆ ಹರಿದಲ್ಲಿ ಸೆಲ್ಲೋಟೇಪ್ ಮಾತ್ರ ಹಾಕಬೇಡಿ, ಹಳದಿಗಟ್ಟಿ ಕಾಗದವನ್ನೇ ತಿಂದುಬಿಡತ್ತೆ.

ಕೊನೇ ಪೆಟ್ಟಿಗೆಲಿ ಬಟರಿಕ್‌ನ 1952ರ ವಾಕ್‌ಅವೇ ಡ್ರೆಸ್ಸು, ನಂಬರ್ 6015. ಬೆಳಿಗ್ಗೆ ತಿಂಡಿ ಆದಮೇಲೆ ಹೊಲಿಯಕ್ಕೆ ಕೂತ್ರೆ ಮಧ್ಯಾಹ್ನದ ಊಟಕ್ಕೆ ಅದನ್ನೇ ಹಾಕ್ಕೊಂಡು ಹೋಗಬಹುದು ಅಂತ ಅವರ ಜಾಹೀರಾತು. ಹಿಂದಿನ ಭಾಗ ಪೂರ್ತಿ ಘೇರು, ಸುತ್ತಿ ತಂದು ಮುಂದೆ ಸೊಂಟದಲ್ಲಿ ಗುಂಡಿ ಹಾಕೋದು, ಮುಂದಿನ ಭಾಗ ಹಿಂದಕ್ಕೆ ಹೋಗತ್ತೆ. ಅಂಚಿಗೆ ಪಟ್ಟಿ ಕೂಡಿಸೋದೇ ದೊಡ್ಡ ಕೆಲಸ, ಮಿಕ್ಕಿದ್ದು ಬೇಗ ಆಗತ್ತೆ.

— ಮ್ಯಾಸಚೂಸೆಟ್ಸ್‌ನಿಂದ

* * *

ಅಕ್ಕಾರ, ಆ ಹಿಂದಿನ ಭಾಗದ ಟ್ರೇಸ್ ಒಂದು ಫೋಟೋ ಹೊಡದು ಕಳಸ್ರಿ, ಪಕ್ಕಕ ಟೇಪ್ ಇಟ್ಟು ಹೊಡೀರಿ. ಪೂರ್ತಿ ಘೇರು ಅಂದ್ರ ಹಾಸು ಬೆನ್ನ ನಡುವ ಬರ್ತತೇನ್ರಿ, ಬದೀಗೆ ಕ್ರಾಸ್ ಬೀಳ್ತತಿ ಹಂಗಾದ್ರ, ಒಂದು ದಿವಸ ತೂಗುಹಾಕಿ ಆಮ್ಯಾಲೆ ಕೆಳಗಿನ ಮಡಿಕಿ ಹೊಲೀಬೇಕಾಗತತಿ. ನಮ್ಮ ಹುಡುಗ್ಯಾರ ಕಡೆ ಕಾಟನ್‌ದಾಗ ಒಂದು ಹೊಲಸಬೇಕು ಅಂತ ಐತಿ. ಖಣದಾಗ ಆಗೂದಿಲ್ಲ, ಪನ್ನಾ, ಅಂದ್ರ ಬಟ್ಟಿ ಅಗಲ, ಸಾಲೂದಿಲ್ಲ.

— ಹುಬ್ಬಳ್ಳಿ