ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಇಂಜಿನ್ ಆಫ್! ಕಾರ್ಬುರೇಟರ್ ತೊಳೆಸಿದರೂ ಹೋಗಿಲ್ಲ

ಘಾಟಿ ಸವಾರ:
ಗಾಡಿ 2014ರದ್ದು. 150 ಸಿಸಿ, ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಇರುವುದು, 71,000 ಕಿ.ಮೀ. ಓಡಿದೆ. ಪ್ರತಿ ಶನಿವಾರ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತೇನೆ.

ಹೋದ ತಿಂಗಳಿಂದ ಒಂದು ಕಾಟ ಶುರುವಾಗಿದೆ. ಮುಂದಿನ ಡಿಸ್ಕ್ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಇಂಜಿನ್ ನಿಂತುಹೋಗುತ್ತದೆ. ಮೆಲ್ಲಗೆ ಹಿಡಿದರೆ ಏನೂ ಇಲ್ಲ. ಹಿಂದಿನ ಬ್ರೇಕ್ ಒತ್ತಿದರೂ ಏನೂ ಇಲ್ಲ. ಮೊದಲ ಸಲ ಆಗಿದ್ದು ಹೆಬ್ರಿ ಹತ್ತಿರ, ಎಮ್ಮೆ ಅಡ್ಡ ಬಂದಾಗ. ಕ್ಲಚ್ ಹಿಡಿದಿದ್ದೆ, ಇಂಜಿನ್ ನಿಂತದ್ದು ಗೊತ್ತೇ ಆಗಲಿಲ್ಲ. ಗಾಡಿ ಇನ್ನೂ ಉರುಳುತ್ತಿರುವಾಗಲೇ ಕ್ಲಚ್ ಬಿಟ್ಟೆ ನೋಡಿ, ಹಿಂದಿನ ಚಕ್ರ ಕಿರ್ ಅಂತ ಜಾರಿತು. ಎಮ್ಮೆ ಆರಾಮಾಗಿ ದಾಟಿ ಹೋಯಿತು. ನನಗೆ ಅರ್ಧ ಗಂಟೆ ಕೈ ನಡುಕ ನಿಲ್ಲಲಿಲ್ಲ.

ಗ್ಯಾರೇಜಿನಲ್ಲಿ ಕಾರ್ಬುರೇಟರ್ ಬಿಚ್ಚಿ ತೊಳೆದರು, ಹೊಸ ಪ್ಲಗ್ ಹಾಕಿದರು, ಐಡ್ಲಿಂಗ್ (ಗಾಡಿ ನಿಂತಾಗಿನ ಇಂಜಿನ್ ವೇಗ) ಏರಿಸಿದರು. 850 ರೂಪಾಯಿ ಹೋಯಿತು, ಕಾಯಿಲೆ ಹೋಗಲಿಲ್ಲ. ಈಗ ಸಿಗ್ನಲ್‌ನಲ್ಲಿ ಗಾಡಿ ಸುಮ್ನೆ ಕಿರುಚುತ್ತಾ ನಿಲ್ಲುತ್ತದೆ, ಅಷ್ಟೇ ಲಾಭ. ಮನೆಯಲ್ಲಿ ಮಾರಿಬಿಡಿ ಅನ್ನುತ್ತಿದ್ದಾರೆ. ಯಾರಿಗಾದರೂ ಹೀಗೆ ಆಗಿದೆಯಾ?

ಜೆಟ್ಟು ಪಿನ್ನು:
ಫ್ಲೋಟ್ ಮಟ್ಟ, ಅಂದರೆ ಕಾರ್ಬುರೇಟರ್ ಬೌಲ್‌ನಲ್ಲಿ ಪೆಟ್ರೋಲ್ ನಿಲ್ಲುವ ಎತ್ತರ, ನೋಡಿಸಿದಿರಾ? ತೊಳೆಯುವುದು ಬೇರೆ, ಮಟ್ಟ ಹೊಂದಿಸುವುದು ಬೇರೆ. ಬ್ರೇಕ್ ಹಿಡಿದಾಗ ಬೌಲ್‌ನಲ್ಲಿರುವ ಪೆಟ್ರೋಲ್ ಮುಂದಕ್ಕೆ ನುಗ್ಗುತ್ತದೆ, ಬಸ್ಸಲ್ಲಿ ಕೈಯಲ್ಲಿ ಹಿಡಿದ ಚೊಂಬಿನ ನೀರಿನ ಹಾಗೆ. ಮಟ್ಟ ಕಡಿಮೆ ಇದ್ದರೆ ಪೆಟ್ರೋಲ್ ಎಳೆಯುವ ಸಣ್ಣ ತೂತು, ಪೈಲಟ್ ಜೆಟ್, ಪೆಟ್ರೋಲ್ ಬದಲು ಗಾಳಿ ಎಳೆಯುತ್ತದೆ. ಜಾಸ್ತಿ ಇದ್ದರೆ ಉಕ್ಕಿ ಒಳಗೆ ಹೋಗಿ ಇಂಜಿನ್ ಉಸಿರು ಕಟ್ಟುತ್ತದೆ.

ಬಿಚ್ಚದೆಯೂ ನೋಡಬಹುದು. ಬೌಲ್ ಕೆಳಗಿನ ಡ್ರೈನ್ ಮೂತಿಗೆ ಒಂದು ಗಾಜಿನಂಥ ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿ. ಇನ್ನೊಂದು ತುದಿಯನ್ನು ಬೌಲ್ ಪಕ್ಕಕ್ಕೆ ಮೇಲೆತ್ತಿ ಹಿಡಿದು ಡ್ರೈನ್ ಸ್ಕ್ರೂ ಸಡಿಲಿಸಿ. ಪೈಪಿನಲ್ಲಿ ಪೆಟ್ರೋಲ್ ನಿಂತ ಎತ್ತರವೇ ಒಳಗಿನ ಎತ್ತರ. ಎಷ್ಟು ಮಿಲಿಮೀಟರ್ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ, ನಿಮ್ಮ ಸರ್ವಿಸ್ ಮ್ಯಾನುಯಲ್ ನೋಡಿ. ಹತ್ತಿರದಲ್ಲಿ ಯಾರೂ ಬೀಡಿ ಸೇದದಿರಲಿ.

ಬಿಎಸ್6 ಬಡಪಾಯಿ:
ನನ್ನದು ಫ್ಯೂಯೆಲ್ ಇಂಜೆಕ್ಷನ್ ಗಾಡಿ. ಟ್ಯಾಂಕ್‌ನಲ್ಲಿ ಪೆಟ್ರೋಲ್ ತಳ ಕಂಡಾಗ ಜೋರಾಗಿ ಬ್ರೇಕ್ ಹಾಕಿದರೆ ಹೀಗೇ ಆಗುತ್ತಿತ್ತು. ಇದ್ದದ್ದೆಲ್ಲ ಮುಂದಕ್ಕೆ ಹೋಗಿ ಪಂಪ್‌ಗೆ ಏನೂ ಸಿಗುತ್ತಿರಲಿಲ್ಲ. ಸೈಡ್ ಸ್ಟ್ಯಾಂಡ್ ಸ್ಪ್ರಿಂಗ್ ಕೂಡ ನೋಡಿ. ಲೂಸಾಗಿದ್ದರೆ ಸ್ಟ್ಯಾಂಡ್ ಕುಣಿಯುತ್ತದೆ, ಸ್ವಿಚ್ ಇರುವ ಗಾಡಿಯಾದರೆ ಇಂಜಿನ್ ಕಟ್.

ಹಳೇ ಸ್ಪ್ಯಾನರ್:
ಏನನ್ನೂ ಬಿಚ್ಚಬೇಡಿ ಸ್ವಾಮಿ. ಮೊದಲು ಅದು ಹೇಗೆ ನಿಲ್ಲುತ್ತದೆ ಅಂತ ಹೇಳಿ. ಪೆಟ್ರೋಲ್ ಸಿಗದೆ ನಿಲ್ಲುವ ಇಂಜಿನ್ ಕೆಮ್ಮುತ್ತದೆ, ಮುಗ್ಗರಿಸುತ್ತದೆ, ಆಮೇಲೆ ನಿಲ್ಲುತ್ತದೆ. ಕರೆಂಟ್ ತಪ್ಪಿದರೆ ಟಕ್ ಅಂತ ನಿಲ್ಲುತ್ತದೆ. ಹಿಂದಿನ ಬ್ರೇಕ್‌ಗೆ ಆಗುವುದಿಲ್ಲ ಅನ್ನುವುದನ್ನು ಜಾಸ್ತಿ ನಂಬಬೇಡಿ. ಅದು ಅಷ್ಟು ಜೋರಾಗಿ ನಿಲ್ಲಿಸುವುದೇ ಇಲ್ಲ.

ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, 30ರ ವೇಗದಲ್ಲಿ ಕ್ಲಚ್ ಹಿಡಿಯದೆ ಒಮ್ಮೆ ಬ್ರೇಕ್ ಹಿಡಿದು ನೋಡಿ. ಇಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳಿನ ಮೇಲೆ ಒಂದು ಕಣ್ಣಿರಲಿ. ಗೇರ್‌ನಲ್ಲಿದ್ದರೆ ಚಕ್ರ ಇಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಆದರೂ ಮುಳ್ಳು ಸೊನ್ನೆಗೆ ಬಿದ್ದರೆ ಕರೆಂಟ್ ತಪ್ಪಿದೆ ಅಂತ ಅರ್ಥ, ಕಾರ್ಬುರೇಟರ್ ನಿರಪರಾಧಿ. ಆಗ ಮೀಟರ್ ದೀಪವೂ ಆರಿತಾ ನೋಡಿ. ಆರಿದರೆ ಕೀ ಕಡೆಯ ವೈರ್, ಉರಿಯುತ್ತಿದ್ದರೆ ಕಿಲ್ ಸ್ವಿಚ್ (ಹ್ಯಾಂಡಲ್ ಮೇಲಿರುವ ಇಂಜಿನ್ ಆಫ್ ಸ್ವಿಚ್) ಕಡೆ.

ಇನ್ನೊಂದು. ಇತ್ತೀಚೆಗೆ ಗಾಡಿಯ ಮುಂಭಾಗ ಯಾರಾದರೂ ಬಿಚ್ಚಿದ್ದರಾ?

ಘಾಟಿ ಸವಾರ:
ನೋಡಿದೆ ಸಾರ್. ಮುಳ್ಳು ಪಟ್ ಅಂತ ಸೊನ್ನೆಗೆ ಬಿತ್ತು. ಬ್ರೇಕ್ ಸ್ವಲ್ಪ ಬಿಟ್ಟ ಕೂಡಲೇ ಒಂದು ಜರ್ಕ್ ಹೊಡೆದು ಮೇಲೆ ಬಂತು. ಮೀಟರ್ ದೀಪ ಉರಿಯುತ್ತಲೇ ಇತ್ತು.

ಮುಂಭಾಗ ಬಿಚ್ಚಿದ್ದು ಹೌದು. ಮಳೆಗಾಲ ಮುಗಿದ ಮೇಲೆ ಫೋರ್ಕ್‌ಗೆ (ಮುಂದಿನ ಶಾಕ್ ಅಬ್ಸಾರ್ಬರ್) ಆಯಿಲ್ ಸೀಲ್ ಹಾಕಿಸಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಬರೆಯಲಿಲ್ಲ.

ಹಳೇ ಸ್ಪ್ಯಾನರ್:
ಬರೆಯದೆ ಬಿಟ್ಟದ್ದರಲ್ಲೇ ಕಾಯಿಲೆ ಇರುತ್ತದೆ, ಡಾಕ್ಟರ ಹತ್ತಿರ ಹೋದಾಗಲೂ ಅಷ್ಟೇ ಅಲ್ವಾ! ಬ್ರೇಕ್ ಹಿಡಿದರೆ ಫೋರ್ಕ್ ಕುಗ್ಗುತ್ತದೆ. ಡಿಸ್ಕ್ ಹಿಡಿಯುವ ಕ್ಯಾಲಿಪರ್ ಜೊತೆ ಬ್ರೇಕ್ ಆಯಿಲ್ ಪೈಪ್, ಅಂದರೆ ಬ್ರೇಕ್ ಹೋಸ್, ಮೇಲಕ್ಕೆ ಬರುತ್ತದೆ. ಆ ಹೋಸ್ ದಾರಿಯಲ್ಲಿ ಯಾವ ವೈರ್‌ಗೆ ತಾಗುತ್ತದೆ ನೋಡಿ. ಗಾಡಿ ನ್ಯೂಟ್ರಲ್‌ನಲ್ಲಿ ಓಡುತ್ತಿರಲಿ. ಹೋಸನ್ನು ಕೈಯಿಂದ ಮೇಲಕ್ಕೆ ನೂಕಿ, ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸಿ.

ಘಾಟಿ ಸವಾರ:
ಸಿಕ್ಕಿತು! ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗಾಡಿ ಸ್ಟಾರ್ಟ್ ಮಾಡಿ ನಿಲ್ಲಿಸಿ, ಹೋಸ್ ಎರಡು ಬೆರಳಲ್ಲಿ ಮೇಲಕ್ಕೆ ತಳ್ಳಿದೆ. ಇಂಜಿನ್ ಟಪ್. ಬಿಟ್ಟು ಸ್ಟಾರ್ಟ್ ಮಾಡಿ ಮತ್ತೆ ತಳ್ಳಿದೆ. ಮತ್ತೆ ಟಪ್. ಮಗಳು ತಾನೂ ಮಾಡುತ್ತೇನೆ ಅಂತ ಬಂದು ನಾಲ್ಕು ಸಲ ಆಫ್ ಮಾಡಿದಳು.

ಹೆಡ್‌ಲೈಟ್ ಬಿಚ್ಚಿ ನೋಡಿದರೆ, ಬಲಗಡೆ ಸ್ವಿಚ್‌ನಿಂದ ಬರುವ ವೈರ್ ಕಟ್ಟನ್ನೂ ಬ್ರೇಕ್ ಹೋಸನ್ನೂ ಸೇರಿಸಿ ಒಂದೇ ಕೇಬಲ್ ಟೈ ಬಿಗಿದಿದ್ದಾರೆ. ಹೋಸ್ ಏರಿದಾಗಲೆಲ್ಲ ವೈರ್ ಮಡಚಿ ಮಡಚಿ, ಕಿಲ್ ಸ್ವಿಚ್‌ನದ್ದು ಒಳಗೇ ತುಂಡಾಗಿದೆ. ಹೊರಗಿನ ಪ್ಲಾಸ್ಟಿಕ್ ಸರಿಯಾಗೇ ಇತ್ತು. ಬೆರಳಲ್ಲಿ ಹಿಡಿದು ಬಗ್ಗಿಸಿದಾಗ ಒಂದು ಕಡೆ ಮಾತ್ರ ದಾರದ ಹಾಗೆ ಮೆತ್ತಗಿತ್ತು. ಸುಲಿದರೆ ತಾಮ್ರದ ಎಳೆಗಳೆಲ್ಲ ಹಸಿರು. ಎರಡೋ ಮೂರೋ ಎಳೆ ಮಾತ್ರ ತಾಗಿಕೊಂಡಿದ್ದವು, ಅದರ ಮೇಲೆ ನಾನು ಘಾಟಿ ಇಳಿಯುತ್ತಿದ್ದೆ.

ಕೆಟ್ಟ ತುಂಡು ಕತ್ತರಿಸಿ, ಹೊಸ ವೈರ್ ಸೇರಿಸಿ ಸಾಲ್ಡರ್ ಮಾಡಿಸಿ ಸ್ಲೀವ್ ಹಾಕಿಸಿದೆ. ಹೋಸ್ ಅದರ ಕ್ಲಿಪ್‌ಗೇ ಹೋಯಿತು, ವೈರ್ ಬೇರೆ. ಖರ್ಚು 60 ರೂಪಾಯಿ. ಐಡ್ಲಿಂಗ್ ಕೂಡ ಇಳಿಸಿದೆ.

ಜೆಟ್ಟು ಪಿನ್ನು:
ಫ್ಲೋಟ್ ಮಟ್ಟ ಆದರೂ ಒಮ್ಮೆ ನೋಡಿಬಿಡಿ ಸಾರ್, 71,000 ಓಡಿದೆ.

ಘಾಟಿ ಸವಾರ:
ಪೈಪ್ ತಂದಿಟ್ಟಿದ್ದೇನೆ. ಬೀಡಿ ಸೇದುವ ಪಕ್ಕದ ಮನೆಯವರು ಊರಿಗೆ ಹೋಗಲಿ ಅಂತ ಕಾಯುತ್ತಿದ್ದೇನೆ.