‘ಬಿಟ್ಟದ್ದು’ ಎಂದರೆ ಯಾವುದು? ಮಕ್ಕಳ ಆಹಾರ ದಾಖಲೆಗೆ ಕೆಲವು ಪದಗಳು ಬೇಕು

ಎಲ್ಲರಿಗೂ ನಮಸ್ಕಾರ.

ಶಾಲೆಯ ಮಕ್ಕಳು ದಿನವಿಡೀ ಏನು ತಿಂದರು, ಎಷ್ಟು ತಿಂದರು ಎಂದು ಅಳೆಯುವ ಆನ್‌ಲೈನ್ ಸಾಧನಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಕ್ಕಳೇ ಕಂಪ್ಯೂಟರ್ ಮುಂದೆ ಕೂತು, ತಿಂದದ್ದನ್ನು ನೆನಪು ಮಾಡಿಕೊಂಡು, ಪರದೆಯ ಮೇಲಿನ ಚಿತ್ರ ಒತ್ತಿ ದಾಖಲಿಸುತ್ತಾರೆ. ಬ್ರೆಜಿಲ್‌ನ ವೆಬ್‌ಕಾಫೆ 7ರಿಂದ 10 ವರ್ಷದ ಮಕ್ಕಳಿಗಾಗಿ ಮಾಡಿದ್ದು. ಡೆನ್ಮಾರ್ಕ್‌ನ ವೆಬ್‌ಡಾಸ್ಕ್ 8ರಿಂದ 11 ವರ್ಷದವರಿಗೆ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇನ್‌ಟೇಕ್24 ಮೊದಲು 11ರಿಂದ 24 ವರ್ಷದವರಿಗೆಂದು ಇತ್ತು. 2019ರಿಂದ ಆ ದೇಶದ ರಾಷ್ಟ್ರೀಯ ಆಹಾರ ಸಮೀಕ್ಷೆಯೇ ಅದನ್ನು ಬಳಸುತ್ತಿದೆ.

ಇವುಗಳ ಬಗ್ಗೆ ಬರೆಯುವಾಗ ಒಂದೇ ಒಂದು ಕ್ರಿಯಾಪದ ನನ್ನನ್ನು ಬಿಡದೆ ಕಾಡುತ್ತಿದೆ. ಅದು ‘ಬಿಡು’.

ಮೊದಲು ವಿಷಯ ಹೇಳುತ್ತೇನೆ. ಮಗು ದಾಖಲಿಸಿದ್ದು ಎಷ್ಟು ಸರಿ ಎಂದು ತಿಳಿಯಲು ಸಂಶೋಧಕರು ಸಾಮಾನ್ಯವಾಗಿ ಶಾಲೆಯ ಊಟವನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿ ಮಕ್ಕಳು ಒಟ್ಟಿಗೆ ಸಿಗುತ್ತಾರೆ, ಪಕ್ಕದಲ್ಲಿ ನಿಂತು ನೋಡಬಹುದು. ಊಟಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತಟ್ಟೆಯ ಫೋಟೊ ತೆಗೆಯುವುದೂ ಉಂಟು. ನಂತರ ನೋಡಿದ ಪಟ್ಟಿ ಒಂದು ಕಡೆ, ಮಗು ದಾಖಲಿಸಿದ ಪಟ್ಟಿ ಇನ್ನೊಂದು ಕಡೆ ಇಟ್ಟು ಹೋಲಿಸುತ್ತಾರೆ. ಮೂರು ಗುಂಪು ಬರುತ್ತವೆ. ತಿಂದದ್ದೂ ಹೌದು, ದಾಖಲಾದದ್ದೂ ಹೌದು: ಇದು ಮ್ಯಾಚ್. ತಿಂದದ್ದು ಹೌದು, ದಾಖಲೆಯಲ್ಲಿ ಇಲ್ಲ: ಇದು ಓಮಿಷನ್. ತಿಂದೇ ಇಲ್ಲ, ಆದರೆ ದಾಖಲೆಯಲ್ಲಿದೆ: ಇದು ಇಂಟ್ರೂಷನ್.

ಮೊದಲನೆಯದಕ್ಕೆ ಕಷ್ಟವಿಲ್ಲ. ‘ತಾಳೆಯಾದದ್ದು’ ಎಂದರೆ ಸಾಕು ಅನ್ನಿಸುತ್ತದೆ. ಲೆಕ್ಕ ತಾಳೆ ನೋಡುವುದು ನಮಗೆಲ್ಲ ಗೊತ್ತಿರುವ ಮಾತು, ಇಲ್ಲಿ ಮಾಡುವ ಕೆಲಸವೂ ಅದೇ.

ತೊಡಕು ಎರಡನೆಯದರಲ್ಲಿ. ಓಮಿಷನ್‌ಗೆ ‘ಬಿಟ್ಟದ್ದು’ ಎಂಬುದು ತಟ್ಟನೆ ಬಾಯಿಗೆ ಬರುತ್ತದೆ. ಆದರೆ ಈ ಸಾಧನಗಳು ಮಗುವನ್ನು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತವೆ: ತಟ್ಟೆಯಲ್ಲಿ ಎಷ್ಟು ಬಿಟ್ಟೆ? ಇನ್‌ಟೇಕ್24 ಇದಕ್ಕೆಂದೇ ಬೇರೆ ಫೋಟೊಗಳನ್ನು ತೋರಿಸುತ್ತದೆ. ಹಾಕಿಕೊಂಡದ್ದು ಎಷ್ಟು ಎಂಬುದಕ್ಕೆ ಒಂದು ಸಾಲು, ಉಳಿದದ್ದು ಎಷ್ಟು ಎಂಬುದಕ್ಕೆ ಇನ್ನೊಂದು ಸಾಲು. ಈಗ ‘ಹುಡುಗ ಹಾಲು ಬಿಟ್ಟಿದ್ದಾನೆ’ ಎಂದು ಬರೆದರೆ ಓದುವವರು ಏನೆಂದು ತಿಳಿಯಬೇಕು? ಲೋಟದಲ್ಲಿ ಹಾಲು ಉಳಿಸಿದನೋ, ಪೂರ್ತಿ ಕುಡಿದು ಬರೆಯಲು ಮರೆತನೋ, ಹಾಲು ಕುಡಿಯುವುದನ್ನೇ ನಿಲ್ಲಿಸಿದನೋ? ಮೂರೂ ಸರಿಯಾದ ಕನ್ನಡವೇ.

ಸುಮ್ನೆ ಪದದ ಗೊಂದಲವಾಗಿದ್ದರೆ ಸಂದರ್ಭ ನೋಡಿ ತಿಳಿದುಕೊಳ್ಳಬಹುದಿತ್ತು. ಇಲ್ಲಿ ಎರಡು ಅರ್ಥಗಳು ಲೆಕ್ಕವನ್ನು ಎದುರುಬದುರು ದಿಕ್ಕಿಗೆ ಎಳೆಯುತ್ತವೆ. ತಟ್ಟೆಯಲ್ಲಿ ಬಿಟ್ಟದ್ದು ಹೊಟ್ಟೆಗೆ ಹೋಗಿಲ್ಲ, ಅದನ್ನು ಕಳೆಯಬೇಕು. ದಾಖಲೆಯಲ್ಲಿ ಬಿಟ್ಟದ್ದು ಹೊಟ್ಟೆಗೆ ಹೋಗಿದೆ, ಅದನ್ನು ಕೂಡಬೇಕಿತ್ತು. ಒಂದೇ ಪದವನ್ನು ಎರಡಕ್ಕೂ ಬಳಸುವ ಹಾಗೇ ಇಲ್ಲ.

ತಟ್ಟೆಯದಕ್ಕೆ ‘ಮಿಕ್ಕಿದ್ದು’ ಅಥವಾ ‘ಉಳಿದದ್ದು’ ಎಂದು ನಿಶ್ಚಯಿಸಿದ್ದೇನೆ. ಮಕ್ಕಳಿಗೂ ಅದು ಅರ್ಥವಾಗುತ್ತದೆ. ದಾಖಲೆಯದಕ್ಕೆ ಏನನ್ನೋಣ? ‘ಮರೆತದ್ದು’ ಎಂದು ಕೆಲವರು ಹೇಳಬಹುದು. ಅದು ಅರ್ಧ ಮಾತ್ರ ಸರಿ. ಮಕ್ಕಳು ಮರೆಯುವುದು ನಿಜ. ಬ್ರೆಡ್ಡಿಗೆ ಹಚ್ಚಿದ ಬೆಣ್ಣೆ, ಮೇಲೆ ಹಾಕಿಕೊಂಡ ಸಾಸ್, ನಡುನಡುವೆ ಕುಡಿದ ಜ್ಯೂಸ್, ಇಂಥವೇ ಜಾಸ್ತಿ ತಪ್ಪಿಹೋಗುತ್ತವೆ. ಆದರೆ ಕೆಲವು ಸಲ ಮಗುವಿಗೆ ನೆನಪಿರುತ್ತದೆ, ಆ ತಿನಿಸು ಪರದೆಯ ಪಟ್ಟಿಯಲ್ಲೇ ಇರುವುದಿಲ್ಲ. ಕೆಲವು ಸಲ ನೆನಪೂ ಇರುತ್ತದೆ, ಪಟ್ಟಿಯಲ್ಲೂ ಇರುತ್ತದೆ, ಸಿಹಿ ತಿಂದೆ ಎಂದು ಹೇಳಲು ಮಗು ಹಿಂಜರಿಯುತ್ತದೆ. ಎಲ್ಲವನ್ನೂ ‘ಮರೆತದ್ದು’ ಎಂದರೆ ಕಾರಣವನ್ನು ನಾವೇ ತೀರ್ಮಾನಿಸಿದ ಹಾಗಾಯಿತು. ‘ಕೈಬಿಟ್ಟದ್ದು’ ಇನ್ನೂ ಕೆಟ್ಟದು, ಬೇಕೆಂದೇ ಬಿಟ್ಟ ಧ್ವನಿ ಇದೆ. ‘ಬಿಟ್ಟುಹೋದದ್ದು’ ಎಂದರೆ ಸ್ವಲ್ಪ ವಾಸಿ. ಯಾರೂ ಬಿಡಲಿಲ್ಲ, ಅದೇ ಹೋಯಿತು. ಹೀಗೆ ಯಾರ ಮೇಲೂ ಹೊರಿಸದೆ ಹೇಳುವ ದಾರಿ ಕನ್ನಡದಲ್ಲಿ ಇದೆಯಲ್ಲ, ಅದು ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೂ ‘ಬಿಡು’ ಒಳಗೇ ಉಳಿದುಕೊಂಡಿತು. ‘ದಾಖಲಾಗದ್ದು’ ಎಂದರೆ ಗೊಂದಲವಿಲ್ಲ, ಆದರೆ ಓದಲು ಒಣಒಣ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆಯುತ್ತದೆಯೇ?

ಮೂರನೆಯದು, ಇಂಟ್ರೂಷನ್. ನಿಘಂಟು ತೆಗೆದರೆ ‘ಅತಿಕ್ರಮಣ’ ಸಿಗುತ್ತದೆ. ಜಮೀನು ಒತ್ತುವರಿಯ ಸುದ್ದಿಗೆ ಸರಿ, ಮಗುವಿನ ಊಟದ ಪಟ್ಟಿಗೆ ಸರಿಯಲ್ಲ. ‘ಸುಳ್ಳು ನಮೂದು’ ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಮಗು ಸುಳ್ಳು ಹೇಳಿರುವುದಿಲ್ಲ. ದಿನಾ ಬೆಳಿಗ್ಗೆ ಹಾಲು ಕುಡಿಯುವ ಮಗು ಇವತ್ತು ಕುಡಿಯದಿದ್ದರೂ, ರೂಢಿಯೇ ನೆನಪಿನ ಜಾಗದಲ್ಲಿ ಬಂದು ಕೂರುತ್ತದೆ. ಮೊನ್ನೆಯ ಊಟ ನಿನ್ನೆಯ ಊಟದ ಜೊತೆ ಬೆರೆತುಹೋಗುತ್ತದೆ. ತಟ್ಟೆಯಲ್ಲಿ ಇತ್ತು, ಮುಟ್ಟಲಿಲ್ಲ, ಆದರೂ ಪಟ್ಟಿಗೆ ಸೇರಿತು, ಇದೂ ಆಗುತ್ತದೆ. ಚಿಕ್ಕ ಬೆರಳು ಪಕ್ಕದ ಚಿತ್ರದ ಮೇಲೆ ಬಿದ್ದರೂ ಅದು ಇಂಟ್ರೂಷನ್ನೇ. ಹಾಗಾಗಿ ‘ಹುಸಿ ನೆನಪು’ ಕೂಡ ಪೂರ್ತಿ ಹೊಂದುವುದಿಲ್ಲ. ನನ್ನ ಮನಸ್ಸು ‘ನುಸುಳಿದ್ದು’ ಎಂಬುದರ ಕಡೆ ವಾಲುತ್ತಿದೆ. ಇಲ್ಲಿಯೂ ನುಸುಳಿದ್ದು ತಿನಿಸೇ ಹೊರತು ಮಗು ಏನೂ ಮಾಡಲಿಲ್ಲ.

ಇನ್ನೊಂದು ಕಷ್ಟವೂ ಇದೆ. ಈ ಪದಗಳು ಒಂದು ಸೂತ್ರದೊಳಗೂ ಕೂರಬೇಕು. ಬಿಟ್ಟುಹೋದವುಗಳನ್ನು, ಬಿಟ್ಟುಹೋದವು ಮತ್ತು ತಾಳೆಯಾದವು ಇವೆರಡರ ಮೊತ್ತದಿಂದ ಭಾಗಿಸಿದರೆ ಓಮಿಷನ್ ದರ. ನುಸುಳಿದವುಗಳನ್ನು, ನುಸುಳಿದವು ಮತ್ತು ತಾಳೆಯಾದವುಗಳ ಮೊತ್ತದಿಂದ ಭಾಗಿಸಿದರೆ ಇಂಟ್ರೂಷನ್ ದರ. ಒಂದಕ್ಕೆ ನಿಜವಾಗಿ ತಿಂದದ್ದೆಲ್ಲ ಆಧಾರ, ಇನ್ನೊಂದಕ್ಕೆ ಮಗು ದಾಖಲಿಸಿದ್ದೆಲ್ಲ ಆಧಾರ. ‘ನುಸುಳು ದರ’ ಎಂದರೆ ಕಿವಿಗೆ ಹೊಂದುತ್ತದೆ. ‘ಬಿಟ್ಟುಹೋದ ದರ’ ಎಂದರೆ ದರವೇ ಬಿಟ್ಟುಹೋದಂತೆ ಕೇಳಿಸುತ್ತದೆ, ಅಲ್ವಾ? ‘ಲೋಪ ದರ’ ಎನ್ನಬಹುದು. ಲೋಪ ನಮ್ಮ ವ್ಯಾಕರಣದಿಂದಲೇ ಪರಿಚಿತ, ಸಂಧಿಯಲ್ಲಿ ಅಕ್ಷರ ಬಿದ್ದುಹೋಗುವುದು. ಆದರೆ ಆಡಳಿತದ ಕನ್ನಡದಲ್ಲಿ ‘ಕರ್ತವ್ಯ ಲೋಪ’ ಎಂದು ಬಳಸಿ ಬಳಸಿ ಅದಕ್ಕೆ ತಪ್ಪು ಹೊರಿಸುವ ಬಣ್ಣ ಅಂಟಿದೆ. ನಿಮ್ಮ ಕಿವಿಗೂ ಹಾಗೇ ಕೇಳುತ್ತದೆಯೇ, ಇಲ್ಲ ನಾನೇ ಜಾಸ್ತಿ ಯೋಚಿಸುತ್ತಿದ್ದೇನೆಯೇ?

ಇಷ್ಟು ಸಂಶೋಧಕರು ಓದುವ ಪದಗಳ ಮಾತು. ಮಗು ಓದುವ ಪರದೆಯ ಮೇಲಿನ ಪದಗಳು ಬೇರೆಯೇ. ಅಲ್ಲಿ ಪದ ತಪ್ಪಿದರೆ ಉತ್ತರವೇ ಬದಲಾಗುತ್ತದೆ. ‘ಏನು ಊಟ ಮಾಡಿದೆ?’ ಎಂದು ಕೇಳಿದರೆ ಮಗು ಹಣ್ಣನ್ನೂ ಬಿಸ್ಕತ್ತನ್ನೂ ಹೇಳುವುದಿಲ್ಲ, ಅವು ಊಟವಲ್ಲ. ‘ತಿಂಡಿ’ ಎಂದರೆ ಕೆಲವರಿಗೆ ಬೆಳಗಿನದು, ಕೆಲವರಿಗೆ ಸಂಜೆಯದು. ‘ಏನು ತಿಂದೆ?’ ಎಂದರೆ ಕುಡಿದದ್ದೆಲ್ಲ ಹೊರಗೆ. ‘ಆಹಾರ ಸೇವಿಸಿದೆ’ ಎಂದರೆ ಎಲ್ಲವೂ ಒಳಗೆ ಬರುತ್ತದೆ, ಆದರೆ ಎಂಟು ವರ್ಷದ ಮಗು ಹಾಗೆ ಯೋಚಿಸುವುದಿಲ್ಲ. ‘ಏನು ತಿಂದೆ, ಏನು ಕುಡಿದೆ?’ ಎಂದು ಎರಡನ್ನೂ ಕೇಳುವುದೇ ಮೇಲು.

ವೆಬ್‌ಕಾಫೆ ದಿನವನ್ನು ಆರು ಭಾಗ ಮಾಡಿ, ಒಂದೊಂದನ್ನೇ ಕೇಳುತ್ತದೆ: ಬೆಳಗಿನದು, ಅದರ ನಂತರದ್ದು, ಮಧ್ಯಾಹ್ನದ್ದು, ಸಂಜೆಯದು, ರಾತ್ರಿಯದು, ಮಲಗುವ ಮುಂಚಿನದು. ಈ ಭಾಗಕ್ಕೆ ‘ಹೊತ್ತು’ ಚೆನ್ನಾಗಿ ಹೊಂದುತ್ತದೆ. ‘ಎರಡು ಹೊತ್ತಿನ ಊಟ’ ಎನ್ನುತ್ತೇವಲ್ಲ, ಅದೇ ಹೊತ್ತು. ‘ಆಹಾರ ಸೇವನಾ ಸಂದರ್ಭ’ ಎಂದು ಯಾರಾದರೂ ಬರೆಯುವ ಮುಂಚೆ ಇದನ್ನು ನೆಲೆಗೊಳಿಸಬೇಕು ಎಂಬುದು ನನ್ನ ಆಸೆ.

ಕೊನೆಯದಾಗಿ ‘ನಿನ್ನೆ’. ಇದನ್ನು ನಾನು ಪದವೆಂದು ಯೋಚಿಸಿಯೇ ಇರಲಿಲ್ಲ. ಅಮೆರಿಕದಲ್ಲಿ ನಾಲ್ಕನೇ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಎರಡು ಬಗೆಯಾಗಿ ಕೇಳಿ ನೋಡಿದ್ದಾರೆ. ಒಂದು, ನಿನ್ನೆಯ ಇಡೀ ದಿನ. ಇನ್ನೊಂದು, ಈ ಕ್ಷಣದಿಂದ ಹಿಂದಕ್ಕೆ 24 ಗಂಟೆ. ತಿಂದದ್ದಕ್ಕೂ ಕೇಳಿದ್ದಕ್ಕೂ ನಡುವೆ ಅಂತರ ಕಡಿಮೆಯಾದಷ್ಟೂ ಉತ್ತರ ಹೆಚ್ಚು ಸರಿ ಬಂದಿದೆ. ಎರಡನೆಯ ಬಗೆಯಲ್ಲಿ ಕೇಳುವುದಾದರೆ ಮಗುವಿಗೆ ಹೇಗೆ ಹೇಳುವುದು? ‘ಕಳೆದ 24 ಗಂಟೆಗಳಲ್ಲಿ’ ಎಂದರೆ ಮಗು ಗಂಟೆ ಎಣಿಸಲು ಕೂರುತ್ತದೆ. ‘ನಿನ್ನೆ ಇಷ್ಟು ಹೊತ್ತಿನಿಂದ ಈಗಿನವರೆಗೆ’ ಎಂದು ಬರೆದಿದ್ದೇನೆ. ಮಕ್ಕಳಿಗೆ ಪಾಠ ಮಾಡುವವರು ನಮ್ಮ ಈ ಬಳಗದಲ್ಲಿ ಹಲವರಿದ್ದೀರಿ. ನಿಮ್ಮ ತರಗತಿಯ ಎಂಟು-ಒಂಬತ್ತು ವರ್ಷದವರನ್ನು ಈ ಮಾತಿನಲ್ಲೇ ಒಮ್ಮೆ ಕೇಳಿ, ಅವರು ಎಲ್ಲಿಂದ ಶುರುಮಾಡಿ ಹೇಳುತ್ತಾರೆ ಎಂದು ತಿಳಿಸಿ. ‘ಬಿಟ್ಟುಹೋದದ್ದು’, ‘ಲೋಪ’, ‘ದಾಖಲಾಗದ್ದು’ ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಲಿ ಎಂಬುದಕ್ಕೂ ನಿಮ್ಮ ಮಾತು ಬೇಕು.