ಪದಚರ್ಚೆ: ಗೂಡನ್ನು ‘ಡಿಸ್ಟರ್ಬ್’ ಮಾಡುವುದಕ್ಕೆ ಕನ್ನಡದಲ್ಲಿ ಏನೆನ್ನೋಣ? ಪರ್ಮಿಟ್ಟಿಗೆ ‘ರಹದಾರಿ’ ಸರಿಯೆ?

ಬಳಗದವರಿಗೆ ನಮಸ್ಕಾರ.

ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಗೂಡುಗಳ ಅಧ್ಯಯನಕ್ಕಾಗಿ ಅರಣ್ಯ ಇಲಾಖೆಗೆ ಕೊಡುವ ಅರ್ಜಿ, ಅದರ ಷರತ್ತುಗಳು, ಸುತ್ತಲಿನ ಊರಿನವರಿಗೆ ಹಂಚುವ ಒಂದು ಪುಟದ ತಿಳಿವಳಿಕೆ ಪತ್ರ, ಇಷ್ಟನ್ನೂ ಕನ್ನಡದಲ್ಲಿ ಸಿದ್ಧಪಡಿಸಬೇಕಾಗಿದೆ. ತೊಡಕು ಎರಡು ಕಡೆ. 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದಲ್ಲಿ ಮೊಟ್ಟೆ, ಗೂಡುಗಳನ್ನು ‘ಡಿಸ್ಟರ್ಬ್’ ಮಾಡುವುದು ಎಂಬ ಮಾತಿದೆ. ಕರಡಿನಲ್ಲಿ ಅದು ‘ಅಡಚಣೆ ಉಂಟುಮಾಡುವುದು’ ಎಂದಾಗಿದೆ. ಗೂಡಿಗೆ ಅಡಚಣೆ ಎಂದರೆ ಓದಿದವರಿಗೆ ಏನೂ ಹೊಳೆಯುವುದಿಲ್ಲ. ಇನ್ನೊಂದು, ಪರ್ಮಿಟ್, ಪರ್ಮಿಶನ್, ಎನ್‌ಒಸಿ ಮೂರಕ್ಕೂ ‘ಅನುಮತಿ’ ಎಂದೇ ಹಾಕಲಾಗಿದೆ. ಇದು ಸಾಕೆ, ಇಲ್ಲ ಪರ್ಮಿಟ್ಟಿಗೆ ‘ರಹದಾರಿ’ ಎನ್ನಬಹುದೆ?

*

ಬಳಗದ ಒಬ್ಬರ ಉತ್ತರ: ಮೊದಲು ಎರಡನೆಯ ಪ್ರಶ್ನೆ. ಅಲ್ಲಿ ಪದ ತಪ್ಪಿದರೆ ಅರ್ಜಿಯೇ ವಾಪಸು ಬರಬಹುದು.

‘ರಹದಾರಿ’ ಬೇಡ. ಅರಣ್ಯ ಇಲಾಖೆಯಲ್ಲಿ ರಹದಾರಿ ಎಂದರೆ ಮರಮುಟ್ಟು ಸಾಗಿಸುವ ಪಾಸು, ಆರ್‌ಟಿಒ ಕಚೇರಿಯಲ್ಲಿ ಬಸ್ಸು ಲಾರಿಗಳ ಪರ್ಮಿಟ್ಟು. ಎಲ್ಲಿ ಹೋದರೂ ಆ ಪದಕ್ಕೆ ಸಾಗಾಟದ ವಾಸನೆ ಅಂಟಿಕೊಂಡೇ ಇರುತ್ತದೆ. ‘ಪರವಾನಗಿ’ಯನ್ನು ಕೋವಿ, ಅಂಗಡಿ, ವಹಿವಾಟುಗಳ ಲೈಸೆನ್ಸಿಗೆ ಬಿಟ್ಟುಬಿಡಿ.

ಇನ್ನು ಪರ್ಮಿಟ್ಟಿಗೂ ಪರ್ಮಿಶನ್ನಿಗೂ ‘ಅನುಮತಿ’ ಒಂದೇ ಸಾಕೆ? ಸಾಲದು. ಅದೇ ಅಧಿನಿಯಮದ ಕಲಂ 12ರ ಪ್ರಕಾರ ಅರ್ಜಿದಾರರಿಗೆ ಪರ್ಮಿಟ್ ಕೊಡುವವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ಕಾರಣ ನಮೂದಿಸಿ, ಲಿಖಿತ ಆದೇಶದಲ್ಲಿ, ಶುಲ್ಕ ಕಟ್ಟಿಸಿಕೊಂಡು ಕೊಡಬೇಕು. ಆದರೆ ಅದಕ್ಕೂ ಮೊದಲು ಅವರೇ ಮೇಲಿನವರ ಒಪ್ಪಿಗೆ ಪಡೆಯಬೇಕು: ಜೀವಿ ಅನುಸೂಚಿ 1ರಲ್ಲಿ (ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ) ಇದ್ದರೆ ಕೇಂದ್ರ ಸರ್ಕಾರದ್ದು, ಉಳಿದವಕ್ಕೆ ರಾಜ್ಯ ಸರ್ಕಾರದ್ದು. ದೊಡ್ಡ ಮಂಗಟ್ಟೆ ಅನುಸೂಚಿ 1ರ ಹಕ್ಕಿ, ಹಾಗಾಗಿ ಕಡತ ದೆಹಲಿಗೆ ಹೋಗಿ ಬರಬೇಕು. ಎರಡಕ್ಕೂ ‘ಅನುಮತಿ’ ಎಂದುಬಿಟ್ಟರೆ, ‘ಕೇಂದ್ರದ ಅನುಮತಿ ಬಂದಿದೆ’ ಎಂಬ ಪತ್ರ ನೋಡಿದ ತಂಡ ಏಣಿ ಹೊತ್ತು ಕಾಡಿಗೆ ಹೊರಟೀತು. ಅರ್ಜಿದಾರರ ಹೆಸರಿನ ಆದೇಶ ಆಗ ಇನ್ನೂ ಆಗಿರುವುದೇ ಇಲ್ಲ. ಸರ್ಕಾರದ್ದು ‘ಪೂರ್ವಾನುಮತಿ’, ಕೈಗೆ ಬರುವ ಕಾಗದ ‘ಅನುಮತಿಪತ್ರ’ ಎಂದಿರಲಿ. ಬಾಯಿಮಾತಿನ ಒಪ್ಪಿಗೆಗೆ ಇಲ್ಲಿ ಬೆಲೆಯಿಲ್ಲ, ಆದ್ದರಿಂದ ‘ಪತ್ರ’ ಬಾಲಂಗೋಚಿಯಲ್ಲ. ಎನ್‌ಒಸಿಗೆ ‘ನಿರಾಕ್ಷೇಪಣಾ ಪತ್ರ’ ರೂಢಿಯಲ್ಲಿದೆ. ಅದು ಆಕ್ಷೇಪವಿಲ್ಲ ಎನ್ನುತ್ತದೆ ಅಷ್ಟೆ, ಹಕ್ಕು ಕೊಡುವುದಿಲ್ಲ. ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಂದ ಮೇಲಕ್ಕೆ ಹೋಗುವುದು ‘ಅಭಿಪ್ರಾಯ’ ಮಾತ್ರ. ಅದನ್ನೂ ಅನುಮತಿ ಎನ್ನಬೇಡಿ.

ಮೂರನೆಯದೊಂದು ಪದವೂ ಬೇಕು, ‘ಪ್ರವೇಶಾನುಮತಿ’. ಕಲಂ 28ರದ್ದು ಇದು: ಅಭಯಾರಣ್ಯದೊಳಗೆ ಅಧ್ಯಯನ, ಛಾಯಾಗ್ರಹಣ, ಸಂಶೋಧನೆ, ಪ್ರವಾಸ, ಅಲ್ಲಿ ವಾಸಿಸುವವರೊಡನೆ ವ್ಯವಹಾರ, ಇಂಥವಕ್ಕಾಗಿ ಒಳಹೋಗುವ, ತಂಗುವ ಅನುಮತಿ. 2022ರ ತಿದ್ದುಪಡಿಯಿಂದ ಚಿತ್ರೀಕರಣವೂ ಸೇರಿದೆ, ನೆಲೆಗೂ ಜೀವಿಗೂ ಧಕ್ಕೆಯಾಗದಂತೆ ಎಂಬ ಕಟ್ಟಳೆಯೊಂದಿಗೆ. ಈ ಪತ್ರ ಕಿಸೆಯಲ್ಲಿದೆ ಎಂದು ಪೊಟರೆಯೊಳಗೆ ಕೈ ಹಾಕುವುದೇ ಎಲ್ಲರೂ ಎಡವುವ ಜಾಗ. ಕಾಡಿಗೆ ಹೋಗಲು 28, ಗೂಡು ಮುಟ್ಟಲು 12. ಗೂಡಿನ ಮರ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಹೊರಗೆ ಯಾರದೋ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ಕಡಿಯುವ ಕಾಡಿನಲ್ಲಿ) ಇದ್ದರೆ 28ರ ಮಾತೇ ಬಾರದು, ಆದರೆ 12 ತಪ್ಪದು. 12 ವಿನಾಯಿತಿ ಕೊಡುವುದು ಕಲಂ 9ರ ಬೇಟೆ ನಿಷೇಧದಿಂದ, ಆ ನಿಷೇಧಕ್ಕೆ ಅಭಯಾರಣ್ಯದ ಗಡಿ ಇಲ್ಲ, ಅದು ಅಡಿಕೆ ತೋಟದಲ್ಲೂ ನಡೆಯುತ್ತದೆ. ಹಾಗೆಯೇ 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿ ಕೊಡುವ ಅಪ್ಪಣೆ ಮರಕ್ಕೆ ಸಂಬಂಧಿಸಿದ್ದು, ಮರದ ಮೇಲಿನ ಗೂಡಿಗಲ್ಲ.

ಗೂಡು ಮುಟ್ಟುವುದಕ್ಕೂ ಬೇಟೆಗೂ ಏನು ಸಂಬಂಧ ಎಂದು ಕನ್ನಡದ ಓದುಗ ಕೇಳಿಯೇ ಕೇಳುತ್ತಾನೆ. ಸಂಬಂಧ ಕಲಂ 2(16)ರ ವ್ಯಾಖ್ಯೆಯಲ್ಲಿದೆ. ಕೊಲ್ಲುವುದು, ವಿಷವಿಕ್ಕುವುದು, ಹಿಡಿಯುವುದು, ಉರುಳು ಹಾಕುವುದು, ಬೋನಿಗೆ ಬೀಳಿಸುವುದು, ಎರೆ ಇಡುವುದು, ಮೈಯ ಭಾಗ ಕೀಳುವುದು, ಇವುಗಳ ಸಾಲಿನಲ್ಲೇ ಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆಗೆ ಹಾನಿ ಮಾಡುವುದೂ ಮೊಟ್ಟೆ, ಗೂಡುಗಳನ್ನು ‘ಡಿಸ್ಟರ್ಬ್’ ಮಾಡುವುದೂ ಬೇಟೆ. ಆ ಪಟ್ಟಿಯ ‘ಡ್ರೈವಿಂಗ್’ಗೆ ‘ಓಡಿಸುವುದು’ ಎಂದು ಹಾಕಿದರೆ ಗದ್ದೆ ಬದುವಿನಲ್ಲಿ ತಮಟೆ ಬಡಿಯುವ ರೈತನೂ ತಾನು ಬೇಟೆಗಾರನೆಂದು ಓದಿಕೊಂಡಾನು. ಮಲೆನಾಡಿನ ‘ಸೋವುವುದು’ (ಬೇಟೆಗಾರನತ್ತ ಪ್ರಾಣಿಯನ್ನು ಎಬ್ಬಿಸಿ ಅಟ್ಟುವುದು) ಹೆಚ್ಚು ಹತ್ತಿರ.

ಈಗ ಮೊದಲ ಪ್ರಶ್ನೆ. ‘ಡಿಸ್ಟರ್ಬ್’ಗೆ ‘ಕೆಣಕು’ ಆಗದು, ಅದು ಕಲಂ 27(4)ಕ್ಕೆ ಬೇಕು. ಅಭಯಾರಣ್ಯದಲ್ಲಿ ಪ್ರಾಣಿಗಳನ್ನು ಕೆಣಕಬಾರದು, ಪೀಡಿಸಬಾರದು, ಕಸ ಚೆಲ್ಲಬಾರದು ಎನ್ನುವ ಜಾಗ ಅದು. ಮೃಗಾಲಯಗಳ ಕಲಂ 38ಜೆಯಲ್ಲಿ ಗದ್ದಲದಿಂದಲೋ ಇನ್ನೊಂದರಿಂದಲೋ ಪ್ರಾಣಿಗಳಿಗೆ ‘ಡಿಸ್ಟರ್ಬೆನ್ಸ್’ ಎಂದು ಬರುತ್ತದೆ. ಅಲ್ಲಿ ‘ನೆಮ್ಮದಿ ಕೆಡಿಸುವುದು’ ಚೆನ್ನಾಗಿ ಕೂರುತ್ತದೆ, ಮೊಟ್ಟೆಯ ನೆಮ್ಮದಿ ಎಂದರೆ ನಗು ಬರುತ್ತದೆ. ‘ಕದಲಿಸುವುದು’ ಮೊಟ್ಟೆಗೆ ಸರಿ, ಗೂಡಿಗೆ ಅರ್ಧ ಮಾತ್ರ ಸರಿ. ಮಂಗಟ್ಟೆಯನ್ನೇ ನೋಡಿ. ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಮೆತ್ತಿ ಮುಚ್ಚಿಕೊಂಡು, ಕೊಕ್ಕಿನ ತುದಿ ಹಾಯುವಷ್ಟೇ ಸೀಳು ಉಳಿಸಿಕೊಳ್ಳುತ್ತದೆ. ಗಂಡು ಗಂಟಲಲ್ಲಿ ತುಂಬಿ ತಂದ ಅತ್ತಿ, ಆಲದ ಹಣ್ಣನ್ನು ಒಂದೊಂದಾಗಿ ಆ ಸೀಳಿನಲ್ಲಿ ದಾಟಿಸುತ್ತದೆ. ಬುಡದಲ್ಲಿ ಕ್ಯಾಮೆರಾ ಹಿಡಿದ ನಾಲ್ಕು ಜನ ನಿಂತರೆ ಗಂಡು ದೂರದ ಕೊಂಬೆಯಲ್ಲೇ ಕೂತುಬಿಡುತ್ತದೆ, ಒಳಗಿರುವವಕ್ಕೆ ಉಪವಾಸ. ಗೂಡು ಎಳ್ಳಷ್ಟೂ ಕದಲಿಲ್ಲ, ಗೂಡುಗಾರಿಕೆ ಮಾತ್ರ ಕೆಟ್ಟಿತು. ಆದ್ದರಿಂದ ‘ಮೊಟ್ಟೆ, ಗೂಡುಗಳಿಗೆ ಭಂಗ ತರುವುದು’ ಎಂದಿರಲಿ. ಕೈ ಹಾಕುವುದೂ ಹಾಕದೆ ಕೆಡಿಸುವುದೂ ಅದರಲ್ಲಿ ಅಡಗುತ್ತವೆ.

ಅರ್ಜಿಯ ‘ವಿಧಾನ’ ಕಾಲಮ್ಮಿನಲ್ಲಿ ಮಾತ್ರ ಇಂಥ ಅಗಲವಾದ ಪದ ಕೂಡದು. ‘ಗೂಡುಗಳ ಪರಿಶೀಲನೆ’ ಎಂದು ಬರೆದರೆ ಇದು 28ಕ್ಕೆ ಸೇರಿತೋ 12ಕ್ಕೋ ಎಂದು ಓದಿದ ಅಧಿಕಾರಿಗೆ ಗೊತ್ತಾಗದು, ಸ್ಪಷ್ಟೀಕರಣ ಕೇಳಿ ಕಡತ ಕೆಳಗಿಳಿಯುತ್ತದೆ. ‘ನೆಲದಿಂದ ದುರ್ಬೀನಿನಲ್ಲಿ ನೋಡುವುದು’, ‘ಮರಿ ಹಾರಿಹೋದ ಮೇಲೆ ಏಣಿ ಹತ್ತಿ ಪೊಟರೆಯ ಆಳ ಅಳೆಯುವುದು’ ಎಂದು ಕ್ರಿಯಾಪದ ಬಿಡಿಸಿ ಬರೆಯಿರಿ. ವಲಯಗಳ ಹೆಸರು, ಗೂಡುಗಳ ಸಂಖ್ಯೆ, ತಿಂಗಳು, ತಂಡದವರ ಹೆಸರು, ವಾಹನ ಸಂಖ್ಯೆ ಅದರ ಕೆಳಗೆ ಬರಲಿ.

*

ಇನ್ನೊಬ್ಬರ ಮಾತು: ‘ಭಂಗ’ ಅರ್ಜಿಗೆ ಸರಿ, ಊರಿನವರ ಪತ್ರಕ್ಕೆ ಬೇಡ. ವ್ರತಭಂಗ, ತಪೋಭಂಗ ನೆನಪಾಗುತ್ತದೆ. ಜನ ಆಡುವ ಮಾತು ‘ತಂಟೆಗೆ ಹೋಗು’. ‘ಗೂಡಿನ ತಂಟೆಗೆ ಹೋದರೂ ಕಾನೂನಿನ ಪ್ರಕಾರ ಅದು ಬೇಟೆಯೇ’ ಎಂದು ಬರೆದರೆ ವ್ಯಾಖ್ಯೆಯೆಲ್ಲ ಒಂದು ಸಾಲಿನಲ್ಲಿ ಬಂತು. ಅದರ ಕೆಳಗೇ ಶಿಕ್ಷೆಯನ್ನೂ ಹಾಕಿ: ಅನುಸೂಚಿ 1ರ ಜೀವಿಯಾದರೆ 3ರಿಂದ 7 ವರ್ಷ ಸೆರೆ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. 10,000 ಎಂಬುದು 2022ರ ತಿದ್ದುಪಡಿಗೆ ಹಿಂದಿನ ಲೆಕ್ಕ, ಹಳೆಯ ಕರಪತ್ರ ನೋಡಿ ನಕಲು ಮಾಡಿದವರು ಈಗಲೂ ಅದನ್ನೇ ಅಚ್ಚು ಹಾಕಿಸುತ್ತಾರೆ.

ಭಂಗವೆಂದರೆ ಕೆಟ್ಟ ಉದ್ದೇಶದ್ದೇ ಆಗಿರಬೇಕಿಲ್ಲ ಎನ್ನುವುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೋಡಬಹುದು. 2007ರಿಂದ ಅದು ಸಮುದಾಯ ಮೀಸಲು. ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವ ಹುಣಸೆ ಮರಗಳು ಊರಿನವರದೇ. ಹಣ್ಣು ಬಡಿಯುವ ಕಾಲವೂ ಮರಿ ಮಾಡುವ ಕಾಲವೂ ಒಂದರ ಮೇಲೊಂದು ಬೀಳುತ್ತವೆ. ಕೊಂಬೆ ಬಡಿದರೆ ಮೊಟ್ಟೆ ಉರುಳುತ್ತದೆ, ಬಡಿಯದಿದ್ದರೆ ಫಸಲು ಹೋಯಿತು. ಬಿಟ್ಟುಕೊಟ್ಟ ಹುಣಸೆಗೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುತ್ತದೆ. ಇಂಥ ಕಡೆ ‘ಗೂಡಿರುವ ಕೊಂಬೆ ಬಡಿಯಬೇಡಿ’ ಎಂದು ನೇರವಾಗಿ ಹೇಳಿದರೆ ಡಿಸ್ಟರ್ಬಿಗೆ ಪದವೇ ಬೇಕಾಗದು.

‘ಸೋವು’ ಬಗ್ಗೆ ಒಂದು ತಕರಾರು: ಬಯಲುಸೀಮೆಯ ಓದುಗನಿಗೆ ಅದು ತಿಳಿಯುವುದು ಅನುಮಾನ. ‘ಬೇಟೆಗಾಗಿ ಅಟ್ಟುವುದು’ ಆದೀತೆ?